ಗೋಣಿಚೀಲಕ್ಕೆ ಸುರಿದ ಬೂದಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ತಿಂಗಳಿಗೆ ಒಂದೇ ಬೆಂಕಿಪೊಟ್ಟಣ. ಹೌದು ಮಕ್ಕಳೇ, ಒಂದೇ. ಅದರಲ್ಲೂ ನಾಲ್ಕಾರು ಕಡ್ಡಿ ಉಳಿಸಿ ಅಮ್ಮ ಮುಂದಿನ ತಿಂಗಳಿಗೆ ಸೇರಿಸುತ್ತಿದ್ದಳು. ಒಲೆ ಹೊತ್ತಿಸಲು ಕಡ್ಡಿ ಗೀರುವುದೆಂದರೆ ಅವಳ ಪ್ರಕಾರ ಸೋಮಾರಿಗಳ ಕೆಲಸ. ಅಡುಗೆ ಮುಗಿದ ಮೇಲೆ ಎರಡು ದಪ್ಪ ಕೆಂಡಗಳನ್ನು ಒಲೆಯ ಮೂಲೆಗೆ ಸರಿಸಿ ಮೇಲೆ ಬೂದಿ ಮುಚ್ಚಿಬಿಡುತ್ತಿದ್ದಳು. ಸಂಜೆ ಬೂದಿ ಕೆದಕಿ, ಒಂದಿಷ್ಟು ತೆಂಗಿನ ನಾರು ಇಟ್ಟು, ಊದುಗೊಳವೆಯಲ್ಲಿ ನಾಲ್ಕು ಸಲ ಊದಿದರೆ ಬೆಂಕಿ ನಿದ್ದೆಯಿಂದ ಎದ್ದ ಹಾಗೆ ಏಳುತ್ತಿತ್ತು.

ಬೂದಿಯನ್ನೂ ಯಾರೂ ಎಸೆಯುತ್ತಿರಲಿಲ್ಲ. ಪಾತ್ರೆ ತಿಕ್ಕುವುದಕ್ಕೆ ಅದೇ, ಅವರೆ ಬೀಜಕ್ಕೆ ಹುಳ ಬೀಳದಿರಲಿ ಎಂದು ಬೆರೆಸುವುದಕ್ಕೆ ಅದೇ, ಹಿತ್ತಲಿನ ಬದನೆ ಗಿಡದ ಬುಡಕ್ಕೂ ಅದೇ. ಆದರೆ ಅದಕ್ಕೊಂದು ಸ್ಟ್ರಿಕ್ಟ್ ರೂಲ್ ಇತ್ತು. ಒಲೆಯಿಂದ ತೆಗೆದ ಬೂದಿ ಮೊದಲು ಹಿತ್ತಿಲ ಬಾಗಿಲ ಕಲ್ಲಿನ ಮೇಲಿದ್ದ ಒಡಕು ಮಡಕೆಗೆ ಹೋಗಬೇಕು. ಅಲ್ಲಿ ಒಂದಿಡೀ ದಿನ ಆರಬೇಕು. ಮರುದಿನ ಅದನ್ನು ಜರಡಿ ಹಿಡಿದು ಬಚ್ಚಲುಮನೆಯ ಗೋಣಿಚೀಲಕ್ಕೆ ತುಂಬಿ, ಖಾಲಿಯಾದ ಮಡಕೆಗೆ ಹೊಸ ಬೂದಿ ಹಾಕಬೇಕು. ಮನೆ ಬಿಡುವ ಮುಂಚೆ ಅಮ್ಮ ಒಂದು ಸುತ್ತು ಹಾಕುತ್ತಿದ್ದಳು. ಮಡಕೆಯ ಮೇಲೆ ಅಂಗೈ ಹಿಡಿಯುವಳು, ಹಂಡೆಯ ಮುಚ್ಚಳ ಮುಟ್ಟುವಳು, ಅಗುಳಿ ಎಳೆದು ನೋಡುವಳು. ಆಮೇಲೆ ಬಸ್ ಹತ್ತಿದರೆ ಅವಳು ಮನೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ, ಆರಾಮಾಗಿ ಕಿಟಕಿಗೆ ತಲೆಯೊರಗಿಸಿ ನಿದ್ದೆ ಮಾಡುತ್ತಿದ್ದಳು.

ಆಗ ನಾವು ಸಾಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪನಿಗೆ ಲಿಂಗನಮಕ್ಕಿಯಲ್ಲಿ ಕೆಲಸ, ಶನಿವಾರ ಸಂಜೆ ಲಾರಿ ಹತ್ತಿ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಅಮ್ಮ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಹೈಸ್ಕೂಲಿಗೆ ಹೋಗುತ್ತಿದ್ದ ಅಕ್ಕ, ಎರಡು ವರ್ಷದ ತಮ್ಮ ಮತ್ತು ನಾನು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಎದುರು ನಿಂತವರು ಯಾರೆಂದು ದನಿಯಿಂದಲೇ ತಿಳಿಯುತ್ತಿದ್ದಳು. ಆದರೂ ಬೆಳಗಿನ ಒಲೆ ಎಬ್ಬಿಸುವ ಕೆಲಸ ಅವಳದೇ. ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಒಂದು ದಿನ ಅಮ್ಮ ತನ್ನ ಬಾಣಂತಿ ತಂಗಿಯನ್ನು ನೋಡಿಬರಲು ಮೊದಲ ಬಸ್ಸಿಗೆ ರಿಪ್ಪನ್‌ಪೇಟೆಗೆ ಹೊರಟಳು. ಬೇಸಗೆಯ ಶುರು. ಹೆಂಚಿನ ಮೇಲೆ ಬಿದ್ದ ಎಲೆಯೂ ಚರಚರ ಸದ್ದು ಮಾಡುವಂಥ ಒಣ ದಿನಗಳು. ಅಕ್ಕನಿಗೆ ಅನ್ನ ಸಾರು ಒಪ್ಪಿಸಿದಳು. ನನಗೆ ಬೂದಿ.

"ಮಡಕೇದು ಮೊದ್ಲು ಚೀಲಕ್ಕೆ, ಒಲೇದು ಆಮೇಲೆ ಮಡಕೆಗೆ. ನೆನಪಿರ್‍ತದಲ್ಲ?"

"ಅಮ್ಮಾ, ಐ ನೋ" ಎಂದೆ. ಕಾನ್ವೆಂಟಿಗೆ ಸೇರಿ ಒಂದು ವರ್ಷವಾಗಿತ್ತು ನೋಡಿ, ಅಷ್ಟು ಜಂಬ.

"ಐನೋ ಅಂತೆ. ಮೊದ್ಲು ಮೂಗು ಒರೆಸ್ಕೋ" ಎಂದು ಅಕ್ಕ ನಕ್ಕಳು.

ಅಕ್ಕ ಬೇಗ ಹೊರಟುಹೋದಳು. ನಾನು ಬಿಳಿ ಅಂಗಿ, ನೀಲಿ ಸ್ಕರ್ಟ್ ಹಾಕಿಕೊಂಡು ಬಂದು ಮಡಕೆ ನೋಡಿದರೆ ನಿನ್ನೆಯ ಬೂದಿ ತುಂಬಿ ನಿಂತಿತ್ತು. ಅದನ್ನು ಜರಡಿ ಹಿಡಿದರೆ ಅಂಗಿಯೆಲ್ಲ ಬೂದುಬಣ್ಣ. ಅಸೆಂಬ್ಲಿಯಲ್ಲಿ ಸಿಸ್ಟರ್ ಒಬ್ಬೊಬ್ಬರದೇ ಯೂನಿಫಾರ್ಮ್ ನೋಡುತ್ತಿದ್ದರು. ನನಗೊಂದು ಉಪಾಯ ಹೊಳೆಯಿತು. ಒಲೆಯ ಬೂದಿಯನ್ನು ಕರಟದ ಸೌಟಿನಲ್ಲಿ ತೋಡಿ ನೇರವಾಗಿ ಗೋಣಿಚೀಲಕ್ಕೇ ಸುರಿದೆ. ಮೇಲೆ ತಣ್ಣಗೇ ಇತ್ತು. ಸೌಟಿನಿಂದ ತಟ್ಟಿ ಸಮ ಮಾಡಿದೆ. ಚೀಲದ ಪಕ್ಕದಲ್ಲೇ ಸೌದೆಯ ಒಟ್ಟಿಲು, ಒಣ ತೆಂಗಿನ ಸಿಪ್ಪೆ, ಕೌದಿ ಹೊಲಿಯಲೆಂದು ಅಮ್ಮ ವರ್ಷವಿಡೀ ಕೂಡಿಟ್ಟ ಹಳೆ ಸೀರೆಗಳ ಗಂಟು. ನನಗೆ ಅದ್ಯಾವುದೂ ಕಣ್ಣಿಗೆ ಬೀಳಲಿಲ್ಲ. "ಅಜ್ಜೀ, ಹೋಗ್ಬರ್‍ತೀನಿ" ಎಂದು ಕೂಗಿ ಓಡಿದೆ.

ಮೂರನೆಯ ಪೀರಿಯಡ್‌ವರೆಗೆ ಎಲ್ಲ ಚೆನ್ನಾಗಿತ್ತು. ಕೈಯಿಂದ ಪೆನ್ಸಿಲ್ ಜಾರಿ ನೆಲಕ್ಕೆ ಬಿತ್ತು. ತೆಗೆದುಕೊಳ್ಳಲು ಬಗ್ಗಿದಾಗ ಸ್ಕರ್ಟಿನ ಅಂಚಿನಲ್ಲಿ ಒಂದು ತೂತು ಕಂಡಿತು. ಸಾಸಿವೆ ಕಾಳಿನಷ್ಟು. ಸುತ್ತ ಕಂದು ಬಣ್ಣದ ಉಂಗುರ. ಬೆರಳಿಂದ ಮುಟ್ಟಿದೆ, ಅಂಚು ಗಡುಸಾಗಿ ಪುಡಿಯಾಯಿತು. ಮೂಗಿನ ಹತ್ತಿರ ತಂದೆ. ಸುಟ್ಟ ವಾಸನೆ.

ಕಿಡಿ ಹಾರಿತ್ತು. ಅಂದರೆ ಆ ಬೂದಿಯೊಳಗೆ ಕೆಂಡವಿತ್ತು. ಅಂದರೆ ಈಗ ಅದು ಗೋಣಿಚೀಲದೊಳಗಿತ್ತು.

ತಮ್ಮ ಈ ಹೊತ್ತಿಗೆ ಜೋಲಿಯಲ್ಲಿ ಮಲಗಿರುತ್ತಾನೆ. ಆ ಸೀರೆಯ ಜೋಲಿಗೂ ಬಚ್ಚಲಿಗೂ ನಡುವೆ ಒಂದು ಮರದ ಬಾಗಿಲು ಅಷ್ಟೇ. ಅಜ್ಜಿ ಗೋಡೆಗೊರಗಿ ತೂಕಡಿಸುತ್ತಿರುತ್ತಾಳೆ. ಹೊಗೆ ಎದ್ದರೆ ಅವಳ ಕಣ್ಣಿಗೆ ಕಾಣುವುದಿಲ್ಲ.

ನಾನು ಎದ್ದು ನಿಂತು ಎಲ್ಲರಿಗೂ ಬರುತ್ತಿದ್ದ ಒಂದೇ ವಾಕ್ಯ ಹೇಳಿದೆ. "ಸಿಸ್ಟರ್, ಮೇ ಐ ಗೋ ಔಟ್?"

"ನೋ. ಆಫ್ಟರ್ ದ ಬೆಲ್" ಎಂದು ಸಿಸ್ಟರ್ ತಿರುಗಿಯೂ ನೋಡದೆ ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದರು.

ನಮ್ಮ ತರಗತಿಯಲ್ಲಿ ಕನ್ನಡ ಆಡಿದರೆ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಬೂದಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಕೆಂಡಕ್ಕೆ? ಗೋಣಿಗೆ? ಇದ್ದ ಶಬ್ದಗಳನ್ನೆಲ್ಲ ಮನಸ್ಸಿನಲ್ಲಿ ಪೋಣಿಸಿಕೊಂಡು ಮತ್ತೆ ಎದ್ದೆ. "ಸಿಸ್ಟರ್, ಫೈರ್ ಈಸ್ ಇನ್ ಬ್ಯಾಗ್."

ಸಿಸ್ಟರ್ ಗಾಬರಿಯಿಂದ ಬಂದು ನನ್ನ ಸ್ಕೂಲ್ ಬ್ಯಾಗನ್ನೇ ತಲೆಕೆಳಗು ಮಾಡಿ ಕೊಡವಿದರು. ಎರಡು ಪುಸ್ತಕ, ಒಂದು ಮುರಿದ ಬಳಪ, ಅರ್ಧ ತಿಂದ ಬೆಲ್ಲ ಬಿದ್ದವು. ಹುಡುಗಿಯರೆಲ್ಲ ಕಿಸಕ್ಕೆಂದರು. ಅಷ್ಟೇ, ನನ್ನಿಂದ ತಡೆಯಲಾಗಲಿಲ್ಲ.

"ನಮ್ಮನೆ ಸುಟ್ಟೋಗ್ತದೆ ಸಿಸ್ಟರ್! ನಾನು ಬಿಸಿ ಬೂದಿ ಚೀಲಕ್ಕೆ ಹಾಕ್ಬಿಟ್ಟೆ! ತಮ್ಮ ಮಲಗಿದಾನೆ, ಅಜ್ಜಿಗೆ ಕಣ್ಣು ಕಾಣಲ್ಲ!"

ಸಿಸ್ಟರ್ ನನ್ನ ಮುಖದ ಮಟ್ಟಕ್ಕೆ ಬಗ್ಗಿದರು. ಅವರು ಮಂಗಳೂರಿನ ಕಡೆಯವರು. ಅವರ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. "ಎಂತದು ಮಾರಾಯ್ತಿ, ಮೊದಲೇ ಹೇಳ್ಬಾರ್‍ದಾ? ಓಡು, ಓಡು! ಆಯಾಳನ್ನು ಕರ್ಕೊಂಡು ಹೋಗು!"

ಆಯಾ ದಪ್ಪ ಹೆಂಗಸು, ಸೆರಗು ಸಿಕ್ಕಿಸಿಕೊಂಡು ಹಿಂದೆ ಬಂದಳು. ನಾನು ಮುಂದೆ. ಅಡುಗೆಯ ಹೊತ್ತು, ಊರಿನ ಎಲ್ಲ ಹೆಂಚಿನ ಸಂದಿಯಿಂದಲೂ ಹೊಗೆ ಏಳುತ್ತಿತ್ತು. ದಿನಾ ನೋಡುವ ಹೊಗೆಯೇ. ಆವತ್ತು ಮಾತ್ರ ಪ್ರತಿಯೊಂದೂ ನಮ್ಮ ಮನೆಯದೇ ಅನ್ನಿಸಿತು. ಒಂದು ಮನೆ ದಾಟಿದರೆ ಸದ್ಯ ಅಲ್ಲ ಎಂದುಕೊಳ್ಳುವುದು, ಮುಂದಿನದು ಕಂಡೊಡನೆ ಎದೆ ಮತ್ತೆ ಬಾಯಿಗೆ ಬರುವುದು. ಒಂದು ಚಪ್ಪಲಿ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಬಾಯಲ್ಲಿ ಪ್ರಾರ್ಥನೆ, ಶಾಲೆಯ ದೇವರದೂ ಮನೆಯ ದೇವರದೂ ಸೇರಿಕೊಂಡು.

ನಮ್ಮ ಬೀದಿಗೆ ತಿರುಗಿದಾಗ ಕಂಡಿತು. ಅಡುಗೆಮನೆಯ ಮೇಲಲ್ಲ, ಬಚ್ಚಲಿನ ಮೇಲೆ, ಹಳದಿ ಬಣ್ಣದ ದಪ್ಪ ಹೊಗೆ.

ಮುಂಬಾಗಿಲಿಗೆ ಒಳಗಿನಿಂದ ಅಗುಳಿ. "ಅಜ್ಜೀ! ಅಜ್ಜೀ!" ಎಂದು ಬಡಿದೆ. ಉತ್ತರವಿಲ್ಲ. ತಮ್ಮನ ಅಳುವೂ ಇಲ್ಲ. ಆ ನಿಶ್ಶಬ್ದ ಇದೆಯಲ್ಲ ಮಕ್ಕಳೇ, ಅದು ಇವತ್ತಿಗೂ ಒಮ್ಮೊಮ್ಮೆ ನನ್ನ ಕಿವಿಯಲ್ಲಿರುತ್ತದೆ. ಪಕ್ಕದ ಮನೆಯ ಬೇಲಿ ನುಸುಳಿ, ಮೊಣಕೈ ತರಚಿಕೊಂಡು ಹಿತ್ತಿಲಿಗೆ ಬಂದೆ.

ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಮುಖವೆಲ್ಲ ಮಸಿ, ಸೀರೆಯೆಲ್ಲ ಒದ್ದೆ. ಮಡಿಲಲ್ಲಿ ತಮ್ಮ, ಕಣ್ಣು ಪಿಳಿಪಿಳಿ ಬಿಡುತ್ತಾ ಹೆಬ್ಬೆರಳು ಚೀಪುತ್ತಿದ್ದ. ಅಂಗಳದಲ್ಲಿ ಗೋಣಿಚೀಲ ಕರಿಮುದ್ದೆಯಾಗಿ ಬಿದ್ದು ಚುಂಯ್ ಎನ್ನುತ್ತಿತ್ತು.

"ಅಯ್ಯಯ್ಯೋ, ಇದೆಂತಾ ಆಯ್ತು ಅಜ್ಜಮ್ಮಾ!" ಎಂದು ಹಿಂದಿನಿಂದ ಬಂದ ಆಯಾ ಎದೆ ಬಡಿದುಕೊಂಡಳು.

"ಆಮೇಲೆ ಕೂಗ್ಕೋ. ಮೊದ್ಲು ಒಳಗೆ ಸೌದೆ ಮೇಲೆ ಇನ್ನೊಂದು ಕೊಡ ನೀರು ಹಾಕು. ಮೂಲೇಲಿ ಇನ್ನೂ ವಾಸನೆ ಇದೆ."

ಅಜ್ಜಿಗೆ ಗೋಣಿ ಸುಡುವ ವಾಸನೆ ಬಂದಿತ್ತಂತೆ. ತಮ್ಮನನ್ನು ಹೊರಗೆ ಕೂರಿಸಿ, ಕಾಲಲ್ಲಿ ನೆಲದ ಕಾವು ತಡವುತ್ತಾ ಒಳಗೆ ಹೋಗಿ ಚೀಲ ಎಳೆದು ತಂದಿದ್ದಳು. ಹಂಡೆಯ ನೀರೆಲ್ಲ ತೋಡಿ ಸೌದೆಗೆ ಎರಚಿದ್ದಳು. ಸೀರೆಯ ಗಂಟು ಉಳಿದಿರಲಿಲ್ಲ. ಅವಳ ಬಲ ಅಂಗೈಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಬೊಬ್ಬೆ ಎದ್ದಿತ್ತು.

ಆಯಾ ಹೋದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದಳು. "ನೀನೇನೇ?"

"ಹೂಂ."

ತಮ್ಮನನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು, "ನಿಮ್ಮಮ್ಮ ಕೇಳಿದ್ರೆ ನಾನೇ ಮಾಡಿದ್ದು ಅಂತೀನಿ. ಮುದುಕಿ, ಕಣ್ಣು ಕಾಣಲ್ಲ, ಮುಗೀತು. ನೀನು ಬಾಯಿ ಬಿಡ್ಬೇಡ" ಎಂದಳು.

ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಾಚಿಕೆಯಾಗುತ್ತದೆ ಈಗ ಹೇಳಲು, ಅವಳ ಬೊಬ್ಬೆಯೇ ಮರೆತುಹೋಯಿತು. ಆದರೆ ಹೊತ್ತು ಇಳಿಯುತ್ತಿದ್ದಂತೆ ಹೆದರಿಕೆ ಬೇರೆ ಬಾಗಿಲಿನಿಂದ ಒಳಗೆ ಬಂತು. ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಕಂಬದ ಹಿಂದೆ ಹೋಗಿ ನಿಲ್ಲುತ್ತಿದ್ದೆ.

ಅಮ್ಮ ಬಂದಳು. ಬಚ್ಚಲು ನೋಡಿದಳು, ಬರಿಗೈಯಲ್ಲಿ ಸುಟ್ಟ ಗಂಟನ್ನು ಮಗುಚಿದಳು. ಅಜ್ಜಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಜೇನುತುಪ್ಪ ತಂದು ಅವಳ ಅಂಗೈಗೆ ಸವರಿದಳು. ಬೈಯಲಿಲ್ಲ. ಸವರುತ್ತಲೇ ಹೇಳಿದಳು:

"ಅತ್ತೆ, ಇನ್ಮೇಲೆ ನೀವು ಒಲೆ ಹತ್ರ ಹೋಗೋದು ಬೇಡ. ಮಗೂನ್ನೂ ನಿಮ್ಮೊಬ್ಬರ ಹತ್ರ ಬಿಟ್ಟು ನಾನು ಹೋಗಲ್ಲ. ಬೇಜಾರು ಮಾಡ್ಕೋಬೇಡಿ. ನಂಗೆ ಹೆದ್ರಿಕೆ ಆಗ್ತದೆ."

"ಆಗ್ಲಿ" ಎಂದಳು ಅಜ್ಜಿ.

ಅಷ್ಟೇ ಅಂದದ್ದು. ಆದರೆ ಅವಳ ಎಡಗೈ ನೆಲದ ಮೇಲೆ ಏನನ್ನೋ ಹುಡುಕುವಂತೆ ಆ ಕಡೆ ಈ ಕಡೆ ಸರಿಯಿತು. ಅಲ್ಲಿ ಏನೂ ಇರಲಿಲ್ಲ. ಒಬ್ಬಳೇ ಮನೆ ಉಳಿಸಿದವಳನ್ನು ಒಲೆಯಿಂದ ಎಬ್ಬಿಸಿ ಮೂಲೆಯಲ್ಲಿ ಕೂರಿಸುತ್ತಿದ್ದರು, ನನ್ನ ಕಣ್ಣೆದುರೇ. ಕಂಬದ ಹಿಂದಿನಿಂದ ಹೊರಗೆ ಬಂದೆ.

"ಅಜ್ಜಿ ಅಲ್ಲ. ನಾನು" ಎಂದೆ. "ಅಂಗಿ ಕೊಳೆ ಆಗ್ತದೆ ಅಂತ ಸೀದಾ ಚೀಲಕ್ಕೇ ಹಾಕ್ದೆ."

ಅಕ್ಕ "ಅಯ್ಯೋ" ಎಂದಳು. ಅಮ್ಮನ ಮುಖ ಬಿಳಿಚಿಕೊಂಡಿತು. ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. "ನಾಳೆ ಬೆಳಿಗ್ಗೆ ನನ್ ಜೊತೆ ಏಳು" ಎಂದಳು, ಅಷ್ಟೇ.

"ಹೇಳ್ಬೇಡ ಅಂದಿದ್ನಲ್ಲೇ ದಡ್ಡಿ" ಎಂದು ಅಜ್ಜಿ ಗೊಣಗಿದಳು. ಗೊಣಗುತ್ತಾ ನನ್ನ ತರಚಿದ ಮೊಣಕೈಯನ್ನು ಹುಡುಕಿ ಹಿಡಿದುಕೊಂಡಳು.

ಬೆಳಿಗ್ಗೆ ಅಮ್ಮ ನನ್ನ ಅಂಗೈಯನ್ನು ತನ್ನ ಅಂಗೈ ಕೆಳಗಿಟ್ಟು ಮಡಕೆಯ ಬೂದಿಯ ಮೇಲೆ ಹಿಡಿದಳು. "ಕಾವು ಇದೆಯಾ? ಎಲ್ಲಿ? ಇಲ್ವಾ? ಹಾಗಿದ್ರೆ ಇನ್ನು ಹೆದರ್‍ಬೇಡ, ಹೋಗು" ಎಂದಳು. ದಿನವೂ ಹೀಗೇ, ತಿಂಗಳುಗಟ್ಟಲೆ. ಆ ಮೊದಲ ದಿನ ಕಾವು ನೋಡಿದ ಮೇಲೆ ಅವಳು ಒಳಗೆ ಹೋಗಿ ಊದುಗೊಳವೆಯನ್ನು ಅಜ್ಜಿಯ ಎಡಗೈಗೆ ಕೊಟ್ಟಳು. ಅಜ್ಜಿ ಒಲೆಯ ಮುಂದೆ ಕೂತು ಕೆನ್ನೆ ಉಬ್ಬಿಸಿ ಊದಿದ ಸದ್ದು ಹಿತ್ತಿಲಿಗೆ ಕೇಳಿಸಿತು.

ನಿಮ್ಮ ಮನೆಯಲ್ಲಿ ಈಗ ಬೂದಿಯೂ ಇಲ್ಲ, ಕೆಂಡವೂ ಇಲ್ಲ. ಲೈಟರ್ ಕ್ಲಿಕ್ ಅಂದರೆ ನೀಲಿ ಹೂವಿನಂಥ ಜ್ವಾಲೆ. ಆದರೂ ನಿಮ್ಮ ಅಮ್ಮ ಲಿಫ್ಟ್‌ವರೆಗೆ ಹೋದವಳು ಗ್ಯಾಸ್ ಆಫ್ ಮಾಡಿದೆನಾ ಎಂದು ಎರಡೆರಡು ಸಲ ವಾಪಸ್ ಬರುತ್ತಾಳೆ, ಕಾರಿನಲ್ಲಿ ಕೂತೂ ಟೆನ್ಶನ್ ಮಾಡಿಕೊಳ್ಳುತ್ತಾಳೆ. ಪಾಪ, ತಪ್ಪು ಅವಳದಲ್ಲ, ಅಂಗೈ ಹಿಡಿದು ಕಾವು ನೋಡಲು ಅವಳಿಗೆ ಮಡಕೆಯೇ ಇಲ್ಲ.

ಹೋದ ವಾರ ನಿಮ್ಮಲ್ಲೊಬ್ಬರು ನೂಡಲ್ಸ್ ಮಾಡಲು ಪಾತ್ರೆ ಇಟ್ಟು ಮೊಬೈಲ್ ಹಿಡಿದು ಕೂತರು. ನೀರು ಆವಿಯಾಗಿ, ಪಾತ್ರೆ ಕರಕಾಗಿ, ಪಕ್ಕದ ಬಟ್ಟೆಗೆ ಬೆಂಕಿ ತಗುಲಿತು. ನಾವಿಬ್ಬರೂ ನೀರು ಹಾಕಿದೆವು. ಆಮೇಲೆ ನನ್ನ ಕಿವಿಯಲ್ಲಿ, "ಅಜ್ಜಿ ಪ್ಲೀಸ್, ನೀನೇ ಇಟ್ಟಿದ್ದು ಅಂತ ಹೇಳು." ನಾನು ಹಾಗೇ ಹೇಳಿದೆ. ಆ ಹೊತ್ತಿನ ಹೆದರಿಕೆ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು.

ಮರುದಿನ ಫ್ರಿಜ್ಜಿನ ಮೇಲೆ ನಿಮ್ಮ ಅಮ್ಮನ ಅಕ್ಷರದ ಚೀಟಿ: "ಅಮ್ಮಾ, ದಯವಿಟ್ಟು ಸ್ಟೌ ಮುಟ್ಟಬೇಡಿ." ಅಂದಿನಿಂದ ನನ್ನ ಕಾಫಿ ಫ್ಲಾಸ್ಕಿನಲ್ಲಿ ಬರುತ್ತಿದೆ. ಕೆಟ್ಟದೇನಲ್ಲ, ಸ್ವಲ್ಪ ತಣ್ಣಗಿರುತ್ತದೆ.

ನಿಮ್ಮಲ್ಲಿ ಯಾರೆಂದು ನಾನು ಬರೆಯುವುದಿಲ್ಲ, ಪ್ರಾಮಿಸ್. ಆ ಚೀಟಿಯನ್ನು ಹಿಡಿದಿರುವುದು ಒಂದು ಪುಟ್ಟ ಮ್ಯಾಗ್ನೆಟ್ ಅಷ್ಟೇ. ನಿಮ್ಮ ಕೈಗೆ ಎಟುಕುವ ಎತ್ತರದಲ್ಲೇ ಇದೆ.