ಜೋತುಬಿದ್ದ ವಾಯರ್ ತುದಿ

ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ವಾಪಸ್ ಓಡುವವಳು ನಾನು. ಅಂಥವಳ ಕೈಗೆ ಗೋಕಾಕದ ನಮ್ಮ ಸಣ್ಣ ಆಸ್ಪತ್ರೆಯ ಡಾಕ್ಟರು ಆರು ಕಂಪ್ಯೂಟರುಗಳ ನೆಟ್‌ವರ್ಕ್ ಒಪ್ಪಿಸಿದರು. ಚೀಟಿ ಬರೆಯುವ ಕೆಲಸದಲ್ಲಿದ್ದ ನಾನೇ ಕೇಳಿ ಪಡೆದದ್ದು. ಪಡೆದ ಮೇಲೆ ಮೂರು ದಿನ ಊಟ ಸೇರಲಿಲ್ಲ.

ರವಿವಾರಕ್ಕೊಮ್ಮೆ ಹುಕ್ಕೇರಿಗೆ ಹೋಗಿ, ನನ್ನ ಅರ್ಧ ವಯಸ್ಸಿನ ಹುಡುಗಿಯೊಬ್ಬಳ ಹತ್ತಿರ ಈ ಕೆಲಸ ಕಲಿತೆ. ಎಲ್ಲ ಕಂಪ್ಯೂಟರುಗಳ ವಾಯರುಗಳು ಬಂದು ಕೂಡುವ ಪೆಟ್ಟಿಗೆಯನ್ನು ತೋರಿಸಿ ಆಕೆ ಪ್ರತಿ ವಾರ ಹೇಳುತ್ತಿದ್ದುದು ಒಂದೇ: “ಅಕ್ಕಾರ, ಕೆಟ್ಟಾಗ ಎಲ್ಲಾ ಒಮ್ಮೆ ಮುಟ್ಟಬ್ಯಾಡ್ರಿ. ಒಂದ ಬದಲ ಮಾಡ್ರಿ, ನೋಡ್ರಿ, ಬರಕೋರಿ.”

“ಅಂಜಿಕಿ ಬಂದರ?”

“ಅದನ್ನೂ ಬರಕೋರಿ.”

ಖಂಡೇನವಮಿಗೆ ಆಸ್ಪತ್ರೆಯ ಯಂತ್ರಗಳಿಗೆಲ್ಲ ಪೂಜೆ. ನಾನು ನಮ್ಮ ವಾಯರಿನ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ, ಒರೆಸಿ, ಕುಂಕುಮ ಹಚ್ಚಿ, ಸಂಜೆ ವಾಯರುಗಳನ್ನು ತಿರುಗಿ ಜೋಡಿಸಿದೆ. ಹಬ್ಬ ಮುಗಿದು ಬಾಗಿಲು ತೆರೆದ ಬೆಳಿಗ್ಗೆ ಲ್ಯಾಬಿನ ಒಂದು ರಿಪೋರ್ಟೂ ಡಾಕ್ಟರ ಮೇಜಿಗೆ ಬರಲಿಲ್ಲ.

ಮೂಡಲಗಿಯಿಂದ ಬಂದು ಬಾಕಿನ ಮೇಲೆ ಕೂತು ಕಾಯುತ್ತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. “ಯವ್ವಾ, ಆ ಡಬ್ಬಿಗೂ ಒಂದ ಎಕ್ಸರೇ ತಗಸು.”

ಡಾಕ್ಟರು ನಗಲಿಲ್ಲ. “ಹನ್ನೆರಡರ ತನಕ ನೋಡ್ರಿ. ಆಗಲಿಲ್ಲಂದ್ರ ಬೆಳಗಾವಿಯ ಕಂಪ್ಯೂಟರ್ ಕಂಪನಿಯವರಿಗೆ ಇದನ್ನ ಕಾಯಂ ಒಪ್ಪಸ್ತೇನಿ. ನೀವು ಚೀಟಿ ಬರಕೋತ ಇರ್ರಿ.”

ಹುಕ್ಕೇರಿಯ ಹುಡುಗಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಒಂದೊಂದೇ ಹಾಕಿ ನೋಡಲೆಂದು ನೆಲದ ಮೇಲೆ ಕೂತು ವಾಯರುಗಳನ್ನೆಲ್ಲ ಕಿತ್ತೆ. ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ‘ಅಂಜಿಕೆ’ ಎಂದೇ ಬರೆದೆ. ಲ್ಯಾಬಿನದು ಸಿಕ್ಕಿಸಿದೆ, ಡಾಕ್ಟರದು ಸಿಕ್ಕಿಸಿದೆ, ರಿಪೋರ್ಟ್ ಹೋಯಿತು. ಬರೆದುಕೊಂಡೆ. ಒಂದೊಂದಾಗಿ ಆರೂ ಮುಗಿದವು, ಎಲ್ಲ ನಡೆಯುತ್ತಿತ್ತು. ಆದರೆ ಇನ್ನೂ ಎರಡು ತುದಿ ಉಳಿದಿದ್ದವು. ಒಂದನ್ನು ಸಿಕ್ಕಿಸಿದೆ, ಏನೂ ಆಗಲಿಲ್ಲ. ಎರಡನೆಯದನ್ನು ಸಿಕ್ಕಿಸಿದ್ದೇ ತಡ, ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಒಮ್ಮೆಲೇ ಪಟಪಟ ಮಿನುಗಿ, ಎಲ್ಲ ಕಂಪ್ಯೂಟರುಗಳೂ ಮತ್ತೆ ಮೂಕವಾದವು.

ಆ ವಾಯರನ್ನು ಬೆರಳಲ್ಲಿ ಹಿಡಿದು ಹೊರಟೆ. ಮೊಳದುದ್ದ ಹೋಗಿ ತಿರುಗಿ ಅದೇ ಪೆಟ್ಟಿಗೆಗೆ ಬಂತು. ಪೆಟ್ಟಿಗೆಯ ಪಕ್ಕದಲ್ಲೇ ಇದ್ದು, ಹಿಂದೆ ತೆಗೆದುಹಾಕಿದ ಯಂತ್ರವೊಂದರ ವಾಯರ್ ಅದು. ಅಂದಿನಿಂದ ಒಂದು ತುದಿ ಪೆಟ್ಟಿಗೆಯಲ್ಲೇ ಉಳಿದು, ಇನ್ನೊಂದು ಜೋತುಬಿದ್ದಿತ್ತು. ಪೂಜೆಯ ದಿನ ಅದು ಜೋತಾಡುವುದನ್ನು ನೋಡಲಾರದೆ ನಾನೇ ಖಾಲಿ ಕಿಂಡಿಗೆ ಸಿಕ್ಕಿಸಿ, ಅಚ್ಚುಕಟ್ಟಾಯಿತೆಂದು ಸಮಾಧಾನಪಟ್ಟಿದ್ದೆ. ಕಳಿಸಿದ್ದೆಲ್ಲ ಅಲ್ಲೇ ಗಿರಕಿ ಹೊಡೆದು ದಾರಿ ಕಟ್ಟಿತ್ತು. ಅದನ್ನು ಕಿತ್ತ ಕೂಡಲೇ ರಿಪೋರ್ಟುಗಳು ಡಾಕ್ಟರ ಮೇಜಿಗೆ ಬಂದವು.

ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. “ಯಾರ ಮಾಡಿದ್ರಿ ಇದನ್ನ?” ಎಂದರು ಡಾಕ್ಟರು. ಇಲಿ ಎನ್ನಬಹುದಿತ್ತು.

“ನಾನ ರೀ.”

“ಸರಿ ಮಾಡಿದವರು?”

“ಅದೂ ನಾನ.”

ಅವರು ಬೆಳಗಾವಿಗೆ ಹಚ್ಚಲು ಹಿಡಿದಿದ್ದ ಫೋನನ್ನು ಜೇಬಿಗಿಳಿಸಿ ಅಜ್ಜಿಯನ್ನು ಒಳಗೆ ಕರೆದರು.

ಮುಂದಿನ ರವಿವಾರ ಹುಡುಗಿಗೆ ತೋರಿಸಲು ಆ ವಾಯರನ್ನು ಚೀಲದಲ್ಲಿಟ್ಟುಕೊಂಡು ಹುಕ್ಕೇರಿ ಬಸ್ಸು ಹತ್ತಿದೆ. ಗ್ಯಾಸ್ ನೋಡಲು ಒಂದೇ ಸಲ ವಾಪಸ್ ಹೋಗಿದ್ದೆ.