ಇಟ್ಟಿಗೆ ರಾಜನ ರಾಣಿ

ನಾಸಿಕ್ ರೋಡ್‌ನಲ್ಲಿ ಇನ್ನೂ ಗೋಡೆ ಏಳದ ಕಟ್ಟಡವೊಂದರ ನಾಲ್ಕನೆಯ ಸ್ಲ್ಯಾಬು. ಬೆಳಕು ಈಗಷ್ಟೇ ಹರಿಯುತ್ತಿದೆ. ಶಿವಗಂಗಾ ಸೆರಗು ಬಿಗಿದು, ಕುಳಿತ ಮನುಷ್ಯನೆತ್ತರಕ್ಕೆ ಪೇರಿಸಿದ ಇಟ್ಟಿಗೆಗಳ ಮೇಲೆ ಸಿಮೆಂಟು ಹೊರುವ ಬುಟ್ಟಿಯನ್ನು ಬೋರಲು ಹಾಕುತ್ತಾರೆ. ಹಿಂದೆ ಸರಿದು ಅದನ್ನೇ ದಿಟ್ಟಿಸಿ, "ಪ್ರಭೂ, ನನ್ನ ಮಾತು ಕೇಳುವ ಮೊದಲೇ ಕಾಡಿಗೆ ಅಟ್ಟಿದಿರೇಕೆ?" ಎಂದು ಗದರುತ್ತಾರೆ. ಬುಟ್ಟಿ ಉತ್ತರ ಕೊಡುವಷ್ಟು ಹೊತ್ತು ಕಾದು ಮುಂದಿನ ಮಾತಿಗೆ ಹೋಗುತ್ತಾರೆ.

ಚಿಂಚೋಳಿ ಕಡೆಯ ಶಿವಗಂಗಾ ಹಗಲೆಲ್ಲ ಇಲ್ಲಿ ಸಿಮೆಂಟು ಹೊರುತ್ತಾರೆ. ಹೀಗೇ ದುಡಿಯಲು ಬಂದವರು ಸೇರಿ ಕಟ್ಟಿಕೊಂಡ ನಾಟಕ ತಂಡಕ್ಕೆ ಅವರೇ ಖಾಯಂ ರಾಣಿ. ರಾಜನ ಪಾತ್ರದ ಮಾಳಪ್ಪ ಇರುವುದು ಸಂಭಾಜಿನಗರದ ಇನ್ನೊಂದು ಕೆಲಸದ ಜಾಗದಲ್ಲಿ. ರಂಗದ ಮೇಲೆ ಗಂಡ, ಇಳಿದರೆ ಅಣ್ಣ. ಗುತ್ತಿಗೆದಾರ ಕರೆದಲ್ಲಿಗೆ ಹೋಗುವ ಇವರೆಲ್ಲ ಒಟ್ಟಾಗುವುದು ನಾಟಕದ ದಿನವೇ. ಅಲ್ಲಿಯವರೆಗೆ ಶಿವಗಂಗಾರ ತಾಲೀಮು ಬುಟ್ಟಿಯ ಜೊತೆ.

"ಮೊದಲೆಲ್ಲ ಬುಟ್ಟಿ ನೆಲದ ಮ್ಯಾಲೇ ಇಡ್ತಿದ್ದೆರಿ," ಎಂದು ನಗುತ್ತಾರೆ. "ಅದೇ ರೂಢಿ ಬಿದ್ದು ನಾಟಕದಾಗ ರಾಜನ ಕಾಲ ನೋಡ್ಕೋತ ಮಾತಾಡಿನಿ. ಜನ ಏನಂದ್ರು ಗೊತ್ತದೇನ್ರಿ? ಎಷ್ಟ ಮರ್ಯಾದಿ ರಾಣಿ ಅಂದ್ರು! ನಾ ಅಲ್ಲಿ ಅವಗ ಬೈಲಾಕತ್ತಿದ್ದೆ." ಅಂದಿನಿಂದ ಬುಟ್ಟಿ ಇಟ್ಟಿಗೆ ಏರಿದೆ.

ಈ ಸಲ ಇಟ್ಟಿಗೆ ರಾಶಿಯೂ ಗಿಡ್ಡವಾಗಿದೆ. ಮಳೆಗಾಲದಲ್ಲಿ ಸ್ಲ್ಯಾಬಿಗೆ ಆಸರೆ ಕಟ್ಟುವ ಸೆಂಟ್ರಿಂಗಿನಿಂದ ಬಿದ್ದು ಮಾಳಪ್ಪನವರ ಕಾಲು ಮುರಿಯಿತು. ಕೋಲಿಲ್ಲದೆ ಅವರು ನಿಲ್ಲಲಾರರು. ಮಾಲೇಗಾಂವ್‌ನ ಬೇರೊಬ್ಬರಿಗೆ ಪಾತ್ರ ಕೊಡೋಣ ಎಂದಿತು ತಂಡ. ಶಿವಗಂಗಾ ಜಗ್ಗಲಿಲ್ಲ. "ಒಂದ ಸಲ ಬಣ್ಣ ಬಿಟ್ರ ಅಣ್ಣ ಮತ್ತ ಈ ಕಡಿ ಹಾಯಂಗಿಲ್ರಿ. ಅವಗ ನಾ ಬಲ್ಲೆ. ರಾಜ ಕುಂದರ್ಲಿ, ತಿರುಗಾಡೋದೆಲ್ಲಾ ನಾ ತಿರುಗಾಡ್ತೀನಿ." ಮೊಂಡುತನ ಎನ್ನುವವರು ಎನ್ನಲಿ, ಇಂಥ ಮೊಂಡುತನಕ್ಕೆ ಕೈಮುಗಿಯಬೇಕೆನಿಸುತ್ತದೆ.

ಭಾನುವಾರ ಸಂಜೆ ಸಂಭಾಜಿನಗರದ ತಗಡಿನ ಶೆಡ್ಡುಗಳ ನಡುವೆ ನಾಟಕ. ಮಾಳಪ್ಪ ಕುಳಿತೇ ಗುಡುಗುತ್ತಾರೆ. ಕೊನೆಯ ದೃಶ್ಯದಲ್ಲಿ ಕಾಡಿನಿಂದ ಮರಳಿದ ರಾಣಿಯನ್ನು ರಾಜ ಎದ್ದು ಬರಮಾಡಿಕೊಳ್ಳಬೇಕು. ಅದನ್ನು ಕೈಬಿಡುವುದೆಂದು ಮಾತಾಗಿತ್ತು. ಆದರೆ ಮಾಳಪ್ಪ ಕುರ್ಚಿಯ ಕೈ ಹಿಡಿದು ಏಳತೊಡಗುತ್ತಾರೆ. ಮೈ ಒಂದು ಬದಿಗೆ ವಾಲುತ್ತದೆ. ಶಿವಗಂಗಾ ಓಡಿಬಂದು ಹೆಗಲ ಮೇಲೆ ಕೈಯಿಟ್ಟು ಕೂರಿಸುತ್ತಾರೆ. "ಕುಳಿತಿರಿ ಪ್ರಭೂ. ನೀವು ಕರೆಯದಿದ್ದರೂ ಬಂದವಳು, ನೀವು ಏಳದಿದ್ದರೂ ಇರುತ್ತೇನೆ." ಜನ ಸಿಳ್ಳೆ ಹೊಡೆಯುತ್ತಾರೆ. ಮಾಳಪ್ಪನವರ ಕಣ್ಣು ತುಂಬಿ ಬರುತ್ತದೆ.

ಆ ಮಾತು ನಾಟಕದಲ್ಲಿ ಇರಲಿಲ್ಲವಲ್ಲ ಎಂದು ಕೇಳಿದರೆ ಶಿವಗಂಗಾ ಬಣ್ಣ ಒರೆಸುತ್ತಲೇ ಹೇಳುತ್ತಾರೆ: "ಬೀಳ್ತಾನಂತ ಜೀವ ಝಲ್ ಅಂತ್ರಿ. ಬಾಯಿಗಿ ಬಂದದ್ದು ಅಂದೆ. ಅಣ್ಣ ಈಗ ನನಗ ಬೈದ ನೋಡ್ರಿ, ಮುಂದಿನ ನಾಟಕದಾಗ ನನಗ ತಡೀಬ್ಯಾಡ ಅಂದ. ಮುಂದಿನ ನಾಟಕ ಅಂದಾನ್ರಿ!"