ಚೌಡಪ್ಪ ಮೇಸ್ತ್ರಿಯನ್ನು ಕರೆತರಲು ಹೋದದ್ದು

ಹೊಸನಗರದ ಬಸ್ಸು ಬೆಳಿಗ್ಗೆಯೇ ಸಾಗರ ಬಿಟ್ಟಿತು. ಟಿಕೆಟ್ಟಿಗೆ ಒಂದೂಕಾಲು ರೂಪಾಯಿ. ಬೇಸಿಗೆ ಶುರುವಾಗಿತ್ತು; ಕಿಟಕಿಯಿಂದ ನುಗ್ಗಿದ ಕೆಂಪು ಧೂಳಿಗೆ ನನ್ನ ಅಂಗಿಯ ಬಣ್ಣವೇ ತಿಳಿಯದಾಯಿತು. ನಾನು ಹೊರಟದ್ದು ತೀರ್ಥಹಳ್ಳಿಯ ಆಚೆ, ಕವಲೇದುರ್ಗದ ಬುಡದಲ್ಲಿದ್ದ ಚೌಡಪ್ಪ ಮೇಸ್ತ್ರಿಯ ಮನೆಗೆ.

ಅರವತ್ತರ ದಶಕ. ಜೋಗದ ವಿದ್ಯುತ್ತು ನಮ್ಮ ಹಳ್ಳಿಗಳಿಗೆ ಆಗಷ್ಟೇ ಬರುತ್ತಿತ್ತು. ಕಂಬ ನೆಟ್ಟು ತಂತಿ ಎಳೆಯುವ ಗುತ್ತಿಗೆ ಕೆಲಸಕ್ಕೆ ಸೂಪರ್‌ವೈಸರ್ ನಾನೇ ಆದರೂ ಆಳುಗಳನ್ನು ನಡೆಸುತ್ತಿದ್ದವರು ಚೌಡಪ್ಪ. ಯಾರೇ ಕಂಬ ಹತ್ತಲಿ, ಇಳಿಯುವ ತನಕ ಕೆಳಗೆ ನಿಂತು ಮಾತಾಡಿಸುತ್ತಲೇ ಇರುತ್ತಿದ್ದರು. ಕೊನೆಯವನು ಕೈ ತೊಳೆದು ಬರುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ. ಗುಂಡಿ ಎಲ್ಲಿ ತೋಡೋಣವೆಂದು ನಿನ್ನೆ ಸೇರಿದವನನ್ನೂ ಕೇಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗದ್ದೆ ಬದಿಯ ಕಂಬಕ್ಕೆ ಆಸರೆಗೆ ಬಿಗಿದ ಹಗ್ಗ ಎಳೆದು ನೋಡಿ, "ಹತ್ತು ಮಾರಾಯ, ಗಟ್ಟಿ ಇದೆ" ಎಂದರು. ಹತ್ತಿದವನು ಹನುಮ. ಅವನು ತುದಿ ಮುಟ್ಟುವಾಗ ಹಸಿ ಮಣ್ಣು ಕುಸಿದು ಕಂಬ ವಾಲಿತು, ಹಗ್ಗ ಹರಿಯಿತು. ಹನುಮನ ಜೀವ ಆಸ್ಪತ್ರೆಯ ದಾರಿಯಲ್ಲೇ ಹೋಯಿತು. ಹೆಣದ ಜೊತೆ ಅವನ ಊರಿಗೆ ಹೋದ ಮೇಸ್ತ್ರಿ ಮತ್ತೆ ಕೆಲಸಕ್ಕೆ ಬರಲಿಲ್ಲ.

ಆಮೇಲೆ ಕೂಲಿ ಹೆಚ್ಚಿಸಿ ನೋಡಿದೆ, ಗದರಿಸಿಯೂ ನೋಡಿದೆ. ಆಳುಗಳು ಹೇಳಿದಷ್ಟು ಮಾಡಿ ಸುಮ್ಮನೆ ಹೋಗುತ್ತಿದ್ದರು. ಕೆಲವರು ಕೆಲಸ ಬಿಟ್ಟೇಬಿಟ್ಟರು.

ಹಾಗೆ ಬಿಟ್ಟಿದ್ದ ಈರ ಹೊಸನಗರದ ಬಸ್ ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ. ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಅವಲಕ್ಕಿ ತಿಂದೆವು.

"ಮೇಸ್ತ್ರಿ ಬಂದ್ರೆ ಹೇಳಿ ಕಳ್ಸಿ ಸಾರ್, ನಾನೂ ಬರ್ತೀನಿ," ಎಂದ.

"ಅವರು ಬರದಿದ್ರೆ?"

"ಇದೇ ಆಗ್ತದೆ ಬಿಡಿ. ಮೂಟೆ ಹೊರೋಕೆ ಯಾರ ದನಿಯೂ ಬೇಡ."

ರಾತ್ರಿ ತೀರ್ಥಹಳ್ಳಿಯ ಛತ್ರದಲ್ಲಿ ತಂಗಿ, ಬೆಳಿಗ್ಗೆ ತುಂಗೆಯಲ್ಲಿ ಮುಳುಗು ಹಾಕಿ ಇನ್ನೊಂದು ಬಸ್ಸು ಹಿಡಿದೆ. ರಸ್ತೆಯಲ್ಲಿ ಇಳಿದು ನಡೆಯುವಾಗ, ನಾನು ಕೋಟೆ ನೋಡಲು ಬಂದವನೆಂದುಕೊಂಡು ಜನ ಗುಡ್ಡದ ದಾರಿ ತೋರಿಸಿದರು. ಮೇಸ್ತ್ರಿ ಬೇಲಿ ಕಟ್ಟುತ್ತಿದ್ದರು. ತುಂಬ ಇಳಿದುಹೋಗಿದ್ದರು. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದರು.

"ಬುಡನ್ ಸಾಬರ ಸೊಂಟ ಹೆಂಗಿದೆ? ಶಿವನಿಗೆ ಹೆಣ್ಣು ಗೊತ್ತಾಯ್ತಾ?" ಮೇಸ್ತ್ರಿ ಆಳುಗಳಲ್ಲಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಿದರು.

"ಎಲ್ಲರೂ ನಿಮ್ಮ ದಾರಿ ಕಾಯ್ತಿದಾರೆ ಮೇಸ್ತ್ರಿ. ಆದದ್ದು ನಿಮ್ಮ ತಪ್ಪಲ್ಲ."

"ತಪ್ಪು ಯಾರದೋ ಇರ್ಲಿ ಸಾರ್. ಹನುಮ ಹಗ್ಗ ನೋಡ್ಲಿಲ್ಲ, ನನ್ನ ಮುಖ ನೋಡಿ ಹತ್ತಿದ. ಇನ್ನೊಬ್ಬರಿಗೆ ಹತ್ತು ಅನ್ನೋಕೆ ನಂಗೆ ಬಾಯಿ ಬರಲ್ಲ."

ಆದರೂ ನಾನು ಎದ್ದಾಗ ಅವರು ಟವೆಲ್ ಹೆಗಲಿಗೇರಿಸಿ ಜೊತೆಗೆ ಹೊರಟರು. ತೀರ್ಥಹಳ್ಳಿಯವರೆಗೂ ಬಂದರು. ಸಾಗರದ ಬಸ್ಸು ಬಂದಾಗ ನಾನು ಹತ್ತಿ ಹಿಂದೆ ತಿರುಗಿದೆ. ಮೇಸ್ತ್ರಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ಕಂಡಕ್ಟರ್ ಕಾದ. ಮೇಸ್ತ್ರಿ ನಿಧಾನವಾಗಿ ಕಾಲು ಕೆಳಗಿಳಿಸಿ, "ಎಲ್ಲರನ್ನೂ ಕೇಳ್ದೆ ಅಂತ ಹೇಳಿ," ಎಂದರು.

ನಾನು ಎಲ್ಲಿಗೆ ಹೋಗಿದ್ದೇನೆಂದು ಆಳುಗಳಿಗೆ ಗೊತ್ತಿತ್ತು. ಬಸ್ಸು ಸಾಗರ ತಲುಪಿದಾಗ ಸಂಜೆ. ಗುಂಪಿನಲ್ಲಿ ಉಳಿದಿದ್ದವರೆಲ್ಲ ನಿಲ್ದಾಣದಲ್ಲಿ ನಿಂತಿದ್ದರು. ನಾನು ಇಳಿದರೂ ಅವರ ಕಣ್ಣು ಬಾಗಿಲಲ್ಲೇ ಇತ್ತು. ಒಬ್ಬೊಬ್ಬರೇ ಇಳಿದರು. ಎಲ್ಲರಿಗಿಂತ ಕೊನೆಗೆ ಕೋಳಿಬುಟ್ಟಿ ಹಿಡಿದ ಮುದುಕಿಯೊಬ್ಬಳು ಇಳಿದಳು. ಕಂಡಕ್ಟರ್ ಬಾಗಿಲು ಹಾಕಿದ.

ಬುಡನ್ ಸಾಬರು ನನ್ನ ಕೈಚೀಲ ತೆಗೆದುಕೊಂಡು ಮುಂದೆ ನಡೆದರು.